ಚುಕ್ಕಿ ಗೆರೆಯ ಭಾಷೆ

ನಾನು ಬಟ್ಟೆ ಒಗೆಯುವ ಮೆಷಿನ್ ರಿಪೇರಿ ಮಾಡುವವನು. ಬಾಗಿಲು ತೆಗೆದವರ ಮನೆಮಾತು ಯಾವುದೆಂದು ಕೇಳದೆ ಟೂಲ್‌ಬಾಕ್ಸ್ ಕೆಳಗಿಡುವ ಅಭ್ಯಾಸ ನನಗಿಲ್ಲ. ಹಾಗಾಗಿ ಈಗ ಹೇಳಲಿರುವಂಥ ಪ್ರಸಂಗಗಳು ವಾರಕ್ಕೆ ಒಂದಾದರೂ ಆಗುತ್ತವೆ. ಆಗದ ವಾರ ಯಾವುದೋ ಮನೆಯಲ್ಲಿ ಸ್ಪ್ಯಾನರ್ ಮರೆತು ಬಂದವನ ಹಾಗೆ ಇರುತ್ತೇನೆ.

ಈ ಚಟ ಹತ್ತಿದ್ದು ಸಿಟ್ಟಿನಿಂದ. ನನ್ನ ಮನೆಮಾತು ತುಳು. "ತುಳು ಅಂದ್ರೆ ಕನ್ನಡದ್ದೇ ಒಂದು ಟೈಪು ಅಲ್ವಾ?" ಎಂದು ಕೇಳುವವರು ಈ ಪರದೇಶದಲ್ಲಿ ನಾವು ಮನೆಮನೆಯ ಅಡಿಗೆ ತಂದು ಕೂಡಿ ಉಣ್ಣುವ ಪ್ರತಿ ಪಾಟ್‌ಲಕ್ಕಿನಲ್ಲೂ ಒಬ್ಬರಿರುತ್ತಾರೆ, ಕೈಯಲ್ಲಿ ಪೇಪರ್ ಪ್ಲೇಟು, ಬಾಯಲ್ಲಿ ನಮ್ಮದೇ ನೀರುದೋಸೆ. ಅವರಿಗೆ ಉತ್ತರ ಕೊಡಲೆಂದೇ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ನನಗೆ ಕಾಲೇಜಿಲ್ಲ, ಗುರುವಿಲ್ಲ, ಸಿಟ್ಟೊಂದೇ ಇದ್ದದ್ದು. ತುಳುವಿನಲ್ಲಿ ಶುರುವಾದ ಓದು ಎಲ್ಲೆಲ್ಲೋ ತೇಲಿ ಕೊನೆಗೆ ಅರುಣಾಚಲ ಪ್ರದೇಶದ ಬೆಟ್ಟಗಳಿಗೆ ಹೋಗಿ ತಂಗಿತು.

ಅಲ್ಲಿ ಕೆಲವೇ ಹಳ್ಳಿಗಳ ಜನ ಆಡುವ ಕೆಲವು ಸಣ್ಣ ಭಾಷೆಗಳಿವೆ. ಚೀನೀ, ಟಿಬೆಟನ್, ಬರ್ಮೀ ಎಲ್ಲ ಸೇರಿದ ಸಿನೋ-ಟಿಬೆಟನ್ ಎಂಬ ದೊಡ್ಡ ಕುಟುಂಬದೊಳಗೆ ಇವುಗಳದ್ದೇ ಒಂದು ಪುಟ್ಟ ಗುಂಪು ಎಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಆ ಭಾಷೆಗಳ ನೀರು, ಬೆಂಕಿ ಎಂಬ ಎರಡು ಪದಗಳನ್ನು ಜೋಡಿಸಿ ಗುಂಪಿಗೆ ಖೋ-ಬ್ವಾ ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಫ್ರೀವೇಯಲ್ಲಿ ಹೋಗುವಾಗ, ಪೂರ್ವದ ಬೆಟ್ಟಗಳ ಮೇಲಿಂದ ಮಂಜು ಇಳಿಯುವ ಹೊತ್ತಿಗೆ, ಆ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತೇನೆ. ನೀರು, ಬೆಂಕಿ. ಎಂದೂ ನೋಡದ ಊರಿನ ಒಲೆಯ ಹೊಗೆ ವ್ಯಾನಿನೊಳಗೆ ತುಂಬಿದ ಹಾಗಾಗುತ್ತದೆ.

ಆ ಗುಂಪಿನ ವಂಶವೃಕ್ಷದ ನಕ್ಷೆಯಲ್ಲಿ ಒಂದು ಭಾಷೆಯನ್ನು ಚುಕ್ಕಿ ಗೆರೆಯಿಂದ ಸೇರಿಸಿದ್ದರು. ಚುಕ್ಕಿ ಗೆರೆ ಎಂದರೆ ಈ ಮನೆಯದ್ದಿರಬಹುದು, ಇಲ್ಲದಿರಲೂಬಹುದು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ಹೇಳಿದಳು: "ಎಲ್ಲಿಯದ್ದೋ ಗೆರೆಗೆ ಇಲ್ಲಿಯ ಸಾರು ಯಾಕೆ ತಣ್ಣಗೆ ಮಾಡ್ತೀರಿ ಮಾರಾಯ್ರೆ?"

೧. ಪಟ್ಟಿಯ ಮೊದಲ ಪದ

ಬೆರ್ರಿಯೆಸಾದಲ್ಲಿ ರೈಲು ಸ್ಟೇಷನ್ನಿನ ಹತ್ತಿರದ ಅಪಾರ್ಟ್‌ಮೆಂಟಿನಿಂದ ಕರೆ ಬಂತು. ಬಾಗಿಲು ತೆಗೆದವಳು ನಲವತ್ತರ ಹತ್ತಿರದ ಹೆಂಗಸು, ವಯಸ್ಸಾದವರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ. ನನ್ನ ಹಿಂದಿಗೆ ಹಿಂದಿಯಲ್ಲೇ ಉತ್ತರಿಸಿದಳು. ಮನೆಮಾತು ಯಾವುದು ತಂಗಿ ಎಂದೆ. ಹೇಳಿದಳು.

ಅದೇ ಚುಕ್ಕಿ ಗೆರೆಯ ಭಾಷೆ! ಅದರ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. "ಬರೆದರೆ ನಿಮ್ಮಂಥ ಇನ್ನೊಬ್ಬರು ಟೂಲ್‌ಬಾಕ್ಸ್ ಹಿಡಿದು ಬರುತ್ತಾರೆ" ಎಂದು ಅವಳೇ ಬೇಡವೆಂದಿದ್ದಾಳೆ.

ನಾನು ಮೆಷಿನ್ನಿನ ಹಿಂದಿನ ಪೈಪು ಬಿಚ್ಚುತ್ತಿದ್ದೆ. ಅರ್ಧಕ್ಕೇ ಬಿಟ್ಟು ಜೇಬಿಗೆ ಕೈ ಹಾಕಿದೆ. ಜೇಬಿನಲ್ಲಿ ನೂರು ಪದಗಳ ಪಟ್ಟಿ ಸದಾ ಇರುತ್ತದೆ. ಎರಡು ಭಾಷೆಗಳ ನಂಟು ಹುಡುಕುವವರು ನೀರು, ಬೆಂಕಿ, ಕಣ್ಣು, ಕಲ್ಲು ಎಂಬಂಥ ಮನೆಯ ಪದಗಳಿಂದಲೇ ಶುರು ಮಾಡುವುದು.

"ತಂಗಿ, ನೀರಿಗೆ ನಿಮ್ಮಲ್ಲಿ ಏನಂತಾರೆ?"

ಅವಳು ನನ್ನ ಬೆನ್ನ ಹಿಂದೆಯೇ ನೋಡುತ್ತಿದ್ದಳು. ಎಷ್ಟೋ ವರ್ಷಗಳ ನಂತರ ಆ ಪದ ನೆನಪಿನ ಆಳದಿಂದ ಮೇಲೆ ಬರುತ್ತಿದೆ ಎಂದುಕೊಂಡೆ. ಪೆನ್ನು ಹಿಡಿದು, ಉಸಿರು ಹಿಡಿದು ಕಾದೆ. ಕಾಲಿಗೆ ತಣ್ಣಗಾಯಿತು. ಆಗ ಅವಳು ಗಟ್ಟಿಯಾಗಿ ಆ ಪದ ಕೂಗಿದಳು, ಮೂರು ಸಲ. ನಲ್ಲಿ ಮುಚ್ಚುವುದನ್ನೇ ಮರೆತಿದ್ದೆ.

ಕೂಗಿದವಳು ಓಡಿಹೋಗಿ ಎತ್ತಿಕೊಂಡದ್ದು ಕಪಾಟಿನ ಕೆಳಗಿದ್ದ ಶೂ ಡಬ್ಬಿಯನ್ನು. ಇಬ್ಬರೂ ನೆಲ ಒರೆಸುತ್ತಿರುವಾಗ ಅದರ ಕಥೆ ಹೇಳಿದಳು. ಒಳಗೆ ಒಂದು ಕ್ಯಾಸೆಟ್ಟು. ಅದರಲ್ಲಿ ಅವಳ ಅಜ್ಜಿಯ ದನಿ. ಯಾರೋ ವಿದ್ವಾಂಸರು ಕೊಟ್ಟುಹೋದ ರೆಕಾರ್ಡರಿನಲ್ಲಿ ಅವಳ ಅಣ್ಣ ತುಂಬಿಸಿದ್ದು. ಅಜ್ಜಿ ಈಗಿಲ್ಲ, ಒಂದು ಫೋಟೋ ಕೂಡ ಇಲ್ಲ. ಟೇಪಿಗೆ ಬೂಷ್ಟು ಹಿಡಿದಿದೆ. ಹಾಗೇ ಹಾಕಿದರೆ ತುಂಡಾಗುತ್ತದೆ ಎಂದು ಅಂಗಡಿಯವರೆಲ್ಲ ಕೈಮುಗಿದಿದ್ದಾರೆ. ಕೊಲ್ಲಿಯ ಆಚೆ ದಡದ ಒಂದು ಕಾಲೇಜಿನ ನೆಲಮಾಳಿಗೆಯಲ್ಲಿ ಇಂಥ ಟೇಪುಗಳನ್ನು ಶುಚಿ ಮಾಡುವವರಿದ್ದಾರೆ. ಆದರೆ ಅವರದ್ದು ಖೋ-ಬ್ವಾ ಗುಂಪಿನ ಭಾಷೆಗಳಿಗೆ ಮಾತ್ರ ಮೀಸಲಾದ ಯೋಜನೆ. ಇವಳ ಅರ್ಜಿಗೆ ಬಂದ ಉತ್ತರ: ನಿಮ್ಮ ಭಾಷೆಯ ಸ್ಥಾನ ಇನ್ನೂ ತೀರ್ಮಾನವಾಗಿಲ್ಲ, ಕಾಯಿರಿ.

"ಒಂದು ಸಲ ಕೇಳಿದರೆ ಸಾಕು ಭೈಯಾ," ಎಂದಳು. "ಮುಖ ಮರೆತುಹೋಗುತ್ತಿದೆ. ದನಿ ಕೇಳಿದರೆ ಮುಖ ಬರಬಹುದು."

ನಾನು ಒದ್ದೆ ಬಟ್ಟೆ ಹಿಡಿದು ಎದ್ದು ನಿಂತೆ. ಒಂದು ಗೆರೆ ಎಳೆಯಲಾಗದ ಪಂಡಿತರು ಅಜ್ಜಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದಾರೆ! ಆ ಚುಕ್ಕಿಗಳನ್ನು ಅಳಿಸಿ ನಿಮ್ಮ ಭಾಷೆಯನ್ನು ಮನೆಯೊಳಗೆ ಸೇರಿಸದೆ ಬಿಡುವುದಿಲ್ಲ, ನಿಮ್ಮ ಭಾಷೆ ಉಳಿಸುತ್ತೇನೆ ಎಂದೆ.

"ಸರಿ ಭೈಯಾ," ಎಂದಳು ಅವಳು. "ಅದಕ್ಕೂ ಮೊದಲು ನನ್ನ ಕಾರ್ಪೆಟ್ ಉಳಿಸಿ."

೨. ಕ್ಯುಪರ್ಟಿನೋದಲ್ಲಿ ಸಂಶೋಧನೆ

ಚುಕ್ಕಿ ಅಳಿಸಲು ಸಾಕ್ಷಿ ಬೇಕು. ಅವಳ ಪದಗಳನ್ನು ಅದೇ ದೊಡ್ಡ ಕುಟುಂಬದ ಬೇರೆ ಕವಲುಗಳ ಪದಗಳ ಜೊತೆ ಇಟ್ಟು ನೋಡಬೇಕು. ಕ್ಯುಪರ್ಟಿನೋದಲ್ಲಿ ಅಂಥ ಒಂದು ಕವಲಿನ ಭಾಷೆ ಆಡುವ ಮಣಿಪುರದ ಒಂದು ಕುಟುಂಬ ಬಟ್ಟೆ ಒಣಗಿಸುವ ಡ್ರೈಯರಿನ ರಿಪೇರಿಗೆ ಕರೆದಾಗ ನನ್ನಷ್ಟು ಖುಷಿಯಾಗಿ ಯಾರೂ ಫ್ರೀವೇ ಇಳಿದಿರಲಿಕ್ಕಿಲ್ಲ.

ಮನೆ ಒಳ್ಳೆಯ ಸ್ಕೂಲಿನ ಎದುರಿಗೇ ಇತ್ತು. ಮನೆಯಾಕೆ ಚಹಾ ಕೊಟ್ಟು ಎದುರು ಕೂತರು. ರಿಪೇರಿಯಾದ ಡ್ರೈಯರ್ ಬೆಚ್ಚಗೆ ಗುನುಗುತ್ತಿತ್ತು. ನಾನು ಪಟ್ಟಿ ತೆಗೆದೆ. ಕಣ್ಣು ಹೇಳಿದರು, ಕಲ್ಲು ಹೇಳಿದರು, ನಾಯಿ, ಮೀನು ಎಲ್ಲ ಹೇಳಿದರು. ಒಂದೊಂದು ಪದವೂ ಬೆಟ್ಟದಿಂದ ಬೆಟ್ಟಕ್ಕೆ ಹಾರಿ ಬಂದ ಹಕ್ಕಿಯ ಹಾಗೆ ನನ್ನ ಪುಸ್ತಕದ ಮೇಲೆ ಕೂರುತ್ತಿತ್ತು. ಆ ಸುಖದಲ್ಲಿ ಮುಂದಿನದನ್ನೂ ಕೇಳಿದೆ.

"ಹೇನಿಗೆ ಏನಂತೀರಿ?"

ಇಂಥ ಪಟ್ಟಿಗಳಲ್ಲಿ ಹೇನು ಇದ್ದೇ ಇರುತ್ತದೆ. ಹೇನು ಇಲ್ಲದ ಊರಿಲ್ಲ, ಅದಕ್ಕೆ ಪದವಿಲ್ಲದ ಭಾಷೆಯೂ ಇಲ್ಲ. ಆದರೆ ಅದೇ ವಾರ ಎದುರಿನ ಸ್ಕೂಲಿನಿಂದ ಎಲ್ಲ ತಂದೆತಾಯಂದಿರಿಗೆ ಹೇನಿನ ಬಗ್ಗೆ ಚೀಟಿ ಹೋಗಿತ್ತೆಂದು ನನಗೆ ಹೇಗೆ ಗೊತ್ತಿರಬೇಕು?

ಆಕೆ ಕಪ್ಪು ಕೆಳಗಿಟ್ಟರು. ಕಿಟಕಿಯ ಪರದೆ ಎಳೆದರು. ತಗ್ಗಿದ ದನಿಯಲ್ಲಿ ಕೇಳಿದರು: "ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ ಮೇಡಂ, ಪಟ್ಟಿಯಲ್ಲಿದೆ."

"ಪಟ್ಟಿಯಲ್ಲಿ ನಮ್ಮ ಹೆಸರಿದೆಯಾ?"

"ನಿಮ್ಮದೇ ಅಂತಲ್ಲ ಮೇಡಂ. ಪ್ರಪಂಚದ ಎಲ್ಲರ ಹತ್ತಿರವೂ ಕೇಳ್ತಾರೆ."

"ಹಾಗಾದರೆ ಮೊದಲು ಪಕ್ಕದ ಮನೆಯವರನ್ನು ಕೇಳಿ. ಅವರ ಮಗಳ ತಲೆಯಿಂದಲೇ ಬಂದದ್ದು. ಆಮೇಲೆ ಆ ಮೂಲೆ ಮನೆ. ಅವರು ಡಾಕ್ಟರು, ಬಾಯಿ ಬಿಡುವುದಿಲ್ಲ."

ಪದ ಸಿಗಲಿಲ್ಲ, ಹೇನು ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂಬ ಪೂರ್ತಿ ವಂಶಾವಳಿ ಸಿಕ್ಕಿತು. ಚುಕ್ಕಿ ಗೆರೆ ಒಂದೂ ಇಲ್ಲ, ಎಲ್ಲ ಗಟ್ಟಿ ಗೆರೆ. ಮಾರನೆಯ ದಿನ ಮೂಲೆ ಮನೆಯ ಡಾಕ್ಟರರೇ ಫೋನ್ ಮಾಡಿದರು. "ಮೆಷಿನ್ನಿಗೆ ಏನಾಗಿದೆ ಸರ್?" ಎಂದೆ. "ಮೆಷಿನ್ ಚೆನ್ನಾಗಿದೆ," ಎಂದರು. "ತಲೆ ನೋಡ್ತೀರಂತಲ್ಲ, ಯಾವಾಗ ಬರ್ತೀರಿ?"

೩. ಹಿರಿಯರ ಮಾತುಕತೆ

ಮಾರ್ಗನ್ ಹಿಲ್‌ನಲ್ಲಿ ಧಾರವಾಡದ ಕಡೆಯ ಒಬ್ಬ ಕಾಕಾ ಇದ್ದಾರೆ. ಎಂಜಿನಿಯರ್ ಆಗಿ ರಿಟೈರಾದವರು. ಜನ್ಮದಲ್ಲಿ ಮಾಡಿದ ಪುಣ್ಯವೆಂದು ಅವರು ಹೇಳಿಕೊಳ್ಳುವುದು ಕೂಡಿಸಿದ ಲಗ್ನಗಳ ಬಗ್ಗೆ ಮಾತ್ರ. ಅವರ ಡಿಶ್‌ವಾಷರ್ ನೋಡಲು ಹೋದಾಗ ಅಡಿಗೆಮನೆಯ ಮೇಜಿನ ಮೇಲೆ ನನ್ನ ನಕ್ಷೆ ಹರಡಿದೆ. ಕಿಟಕಿಯಾಚೆ ಒಣಗಿದ ಬಂಗಾರದ ಬಣ್ಣದ ಗುಡ್ಡಗಳು ನಿದ್ದೆ ಹೋದ ದನಗಳ ಹಾಗೆ ಮಲಗಿದ್ದವು.

"ಯಾರದ್ದೋ ತಮ್ಮಾ ಈ ವಂಶಾವಳಿ?"

"ಭಾಷೆಗಳದ್ದು ಕಾಕಾ."

"ನಿಮ್ಮ ತುಳು ಎಲ್ಲೈತಿ? ಅದು ಕನ್ನಡದ್ದ ಅಲ್ಲೇನು?"

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕಾಕಾ ನಕ್ಕರು. "ಸಿಟ್ಟ ಬರ್ತೈತೋ ಇಲ್ಲೋ ನೋಡಿದೆ. ಬಂತು, ಆರೋಗ್ಯ ಛಲೋ ಐತಿ. ಈ ಗೆರಿ ಯಾಕ ಚುಕ್ಕಿ ಚುಕ್ಕಿ? ಇಂಕ್ ಮುಗದಿತ್ತೇನು?"

"ಸಂಶಯ ಕಾಕಾ. ಈ ಮನೆಯದ್ದು ಹೌದೋ ಅಲ್ಲವೋ ಅವರಿಗೆ ತೀರ್ಮಾನ ಆಗಿಲ್ಲ."

ಕಾಕಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಅಂದ್ರ ಮಾತುಕತಿ ಆಗೇತಿ, ಅಕ್ಕಿಕಾಳ ಬಿದ್ದಿಲ್ಲ. ಎಷ್ಟ ವರ್ಷ ಆತು?"

"ಬಹಳ ವರ್ಷ."

"ಅಯ್ಯ ಶಿವನ! ಇಷ್ಟ ವರ್ಷ ಹುಡುಗೀನ ಬಾಗಲದಾಗ ನಿಲ್ಲಿಸ್ಯಾರ? ಅವರ ಹಿರ್ಯಾರ ನಂಬರ್ ಕೊಡು."

ಕ್ಯಾಸೆಟ್ಟಿನ ಕಥೆಯನ್ನೂ ಹೇಳಿದೆ. ಅದನ್ನು ಕೇಳಿದ್ದೇ ಕಾಕಾ ನನ್ನ ಪುಸ್ತಕದಿಂದ ನಂಬರ್ ಹುಡುಕಿಕೊಂಡರು. ತಡೆಯುವಷ್ಟರಲ್ಲಿ ಆ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಫೋನ್ ಮಾಡಿಯೇ ಬಿಟ್ಟರು. ಯಾರೂ ಎತ್ತಲಿಲ್ಲ, ಸಂದೇಶ ಬಿಡಿ ಎಂದು ಯಂತ್ರ ಹೇಳಿತು. ಕಾಕಾ ಗಂಟಲು ಸರಿಮಾಡಿಕೊಂಡು ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ಸಂದೇಶ ಬಿಟ್ಟರು. ಅದರ ಸಾರಾಂಶ ಇಷ್ಟು: "ನಾವು ಹುಡುಗಿಯ ಕಡೆಯವರು. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳಿ. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ವರದಕ್ಷಿಣೆಯ ಮಾತು ಮಾತ್ರ ಎತ್ತಬಾರದು."

೪. ಎರಡೂ ಪಂಗಡ ಒಂದೇ ಮನೆಯಲ್ಲಿ

ನಾನೂ ಸುಮ್ಮನಿರಲಿಲ್ಲ. ಪ್ರಯೋಗಾಲಯಕ್ಕೆ ಏಳು ಪತ್ರ ಬರೆದೆ. ಮೊದಲನೆಯದರಲ್ಲಿ ವಿನಂತಿ ಇತ್ತು. ಏಳನೆಯದರಲ್ಲಿ ಇದ್ದದ್ದನ್ನು ಹೆಂಡತಿ ಓದಿ, "ಇದನ್ನು ಕಳಿಸಿದರೆ ಪೊಲೀಸರು ಬಂದಾರು," ಎಂದಳು. ಕಳಿಸಿದೆ. ಪ್ರತಿ ಪತ್ರದ ಕೆಳಗೂ ನನ್ನ ಹೆಸರು, ಫೋನು, "ವಾಷರ್, ಡ್ರೈಯರ್, ಡಿಶ್‌ವಾಷರ್ ರಿಪೇರಿ" ಎಂದು ತಾನಾಗಿಯೇ ಬರುತ್ತಿತ್ತು, ನನ್ನ ಇಮೇಲಿನ ಅಭ್ಯಾಸ ಅದು.

ಉತ್ತರ ಬಂತು. "ನಿಮ್ಮ ಏಳೂ ಪತ್ರ ಓದಿದೆವು. ನಿಮ್ಮ ವಾದಗಳನ್ನು ಒಪ್ಪುವುದು ಕಷ್ಟ. ನಮ್ಮ ಡಿಶ್‌ವಾಷರಿನಿಂದ ನೀರು ಹೋಗುತ್ತಿಲ್ಲ. ಶನಿವಾರ ಬಿಡುವಿದೆಯೇ?"

ಸಹಿ ಇಬ್ಬರದು. ಪ್ರಯೋಗಾಲಯ ನಡೆಸುವವರು ಗಂಡ ಹೆಂಡತಿ ಎಂದು ಆಗ ಗೊತ್ತಾಯಿತು. ಮನೆ ಬೆಟ್ಟದ ನೆತ್ತಿಯಲ್ಲಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಾಗಿಲು ಕೈಯಿಂದ ತಡವಿ ಹುಡುಕಿದೆ. ಕೆಳಗೆ ಕೊಲ್ಲಿಯೂ ಇಲ್ಲ, ಸೇತುವೆಯೂ ಇಲ್ಲ. ಲೋಕವನ್ನೇ ಯಾರೋ ಚುಕ್ಕಿ ಚುಕ್ಕಿಯಾಗಿ ಬರೆದ ಹಾಗಿತ್ತು.

ಗಂಡ ಸೇರಿಸುವ ಪಂಗಡದವರು: ಸ್ವಲ್ಪ ಹೋಲಿಕೆ ಕಂಡರೆ ಸಾಕು, ಒಂದೇ ಕುಟುಂಬ ಎನ್ನುವವರು. ಹೆಂಡತಿ ಬೇರ್ಪಡಿಸುವ ಪಂಗಡ: ಪೂರ್ತಿ ಸಾಕ್ಷಿ ಸಿಗುವವರೆಗೆ ಯಾರೂ ಯಾರಿಗೂ ನೆಂಟರಲ್ಲ ಎನ್ನುವವರು. ಟೇಪು ತೆಗೆದುಕೊಳ್ಳಬೇಕಾದರೆ ಇಬ್ಬರೂ ಸಹಿ ಹಾಕಬೇಕು. ಚುಕ್ಕಿ ಗೆರೆ ಯಾಕೆ ಚುಕ್ಕಿಯಾಗಿಯೇ ಉಳಿಯಿತೆಂದು ಅವರ ಡಿಶ್‌ವಾಷರಿನ ಬಾಗಿಲು ತೆಗೆದಾಗಲೇ ನನಗೆ ತಿಳಿಯಿತು. ಮೇಲಿನ ಜಾಲರಿ ಗಂಡನದು: ಲೋಟ, ಸೌಟು, ಬಾಣಲೆ, ಎಲ್ಲ ಒಟ್ಟಿಗೆ ರಾಶಿ. ಕೆಳಗಿನದು ಹೆಂಡತಿಯದು: ಒಂದು ಖಾನೆಗೆ ಒಂದೇ ಚಮಚ.

ಪಂಪು ಬಿಚ್ಚಿ ಕೈ ಹಾಕಿದೆ. ಅಡ್ಡ ಸಿಕ್ಕಿಕೊಂಡಿದ್ದದ್ದನ್ನು ಎಳೆದು ತೆಗೆದೆ. ನೋಡಿದರೆ ಚಮಚ, ತುದಿಗೆ ಮೂರು ಹಲ್ಲು.

"ಅಯ್ಯೋ, ಅದು!" ಎಂದರು ಗಂಡ. "ಅದನ್ನು ಯಾವ ಖಾನೆಗೆ ಹಾಕಬೇಕೆಂದು ನಮ್ಮಲ್ಲಿ ಒಮ್ಮತವಿಲ್ಲ. ಹಾಗಾಗಿ ಸುಮ್ಮನೆ ಕೆಳಗೆ ಬಿಟ್ಟಿರುತ್ತೇವೆ."

ನನಗೆ ಇದಕ್ಕಿಂತ ಒಳ್ಳೆಯ ವೇದಿಕೆ ಬೇಕೆ? ಎದ್ದು ನಿಂತು ಅದನ್ನು ಎತ್ತಿ ಹಿಡಿದೆ. "ನೋಡಿ. ನೀವಿಬ್ಬರೂ ಇದಕ್ಕೆ ಜಾಗ ಕೊಡಲಿಲ್ಲ. ಇದು ನಿಮ್ಮ ಇಡೀ ಮನೆಯ ನೀರು ನಿಲ್ಲಿಸಿತು. ಬೆರ್ರಿಯೆಸಾದಲ್ಲಿ ಒಬ್ಬಳು ಅಜ್ಜಿಯ ದನಿಯನ್ನು ಶೂ ಡಬ್ಬಿಯಲ್ಲಿಟ್ಟುಕೊಂಡು ಕಾಯುತ್ತಿದ್ದಾಳೆ. ನಿಮ್ಮ ಜಗಳ ಮುಗಿಯುವವರೆಗೆ ಬೂಷ್ಟು ಕಾಯುವುದಿಲ್ಲ. ಒಳಗೋ ಹೊರಗೋ, ಒಂದು ಹೇಳಿ!"

ಇಬ್ಬರೂ ತಲೆ ತಗ್ಗಿಸಿದರು. ಹೆಂಡತಿಯ ಕಣ್ಣು ಒದ್ದೆಯಾಗಿತ್ತು.

"ನೀವು ಹೇಳುವುದು ನಿಜ," ಎಂದರು ಅವರು. "ನಮ್ಮಿಂದ ತಪ್ಪಾಗಿದೆ. ಅದನ್ನು ಮುಳ್ಳುಚಮಚಗಳ ಖಾನೆಗೆ ಹಾಕಿ."

"ಚಮಚದ ಖಾನೆಗೆ," ಎಂದರು ಗಂಡ.

೫. ಸೇರಿಸಿ! ಸೇರಿಸಿ!

ಉಳಿದ ದಾರಿ ಹೋರಾಟ ಒಂದೇ. ಒಂದು ಬೆಳಿಗ್ಗೆ ಆ ಕಾಲೇಜಿನ ಮುಂದೆ ಸೇರಿದೆವು. ನಾನು, ಕಾಕಾ, ಶೂ ಡಬ್ಬಿ ಎದೆಗವುಚಿಕೊಂಡ ಬೆರ್ರಿಯೆಸಾದ ತಂಗಿ. ಜನಸಮೂಹ ಎಂದರೆ ಅಷ್ಟೇ. ಪ್ಲಕಾರ್ಡಿನಲ್ಲಿ ದಪ್ಪಗೆ ಬರೆದಿದ್ದೆ: ನಮ್ಮ ಭಾಷೆಯನ್ನು ಗುಂಪಿಗೆ ಸೇರಿಸಿ! ಕಾಕಾ ಕೂಗುವುದು, ನಾನು ಪ್ರತಿಕೂಗು. ತಂಗಿ ನಾಚಿಕೆಯಿಂದ ಮರದ ಹಿಂದೆ ನಿಂತಿದ್ದಳು.

ಗಂಡಹೆಂಡತಿ ಹೊರಗೆ ಬಂದರು, ಕೈ ಕೈ ಹಿಡಿದುಕೊಂಡು. ಅದನ್ನು ನೋಡಿಯೇ ನನಗೆ ಅನುಮಾನ ಬಂತು.

"ತೀರ್ಮಾನಿಸಿದೆವು," ಎಂದರು ಹೆಂಡತಿ. "ಮೊದಲ ಸಲ ಇಬ್ಬರೂ ಒಪ್ಪಿದೆವು. ನಮ್ಮ ಯೋಜನೆಯ ಮಟ್ಟಿಗೆ ಅದು ಈ ಗುಂಪಿನದ್ದಲ್ಲ. ಸದ್ಯಕ್ಕೆ ಒಂಟಿ ಎಂದು ಬರೆಯುವುದೇ ಪ್ರಾಮಾಣಿಕ."

ನಾನು ಪ್ಲಕಾರ್ಡು ಎತ್ತಿ ಹಿಡಿದೆ. ಅರ್ಧ ಗಂಟೆಯ ಭಾಷಣ ಗಂಟಲಿಗೆ ಬಂತು. ಬಾಯಿ ತೆರೆಯುವಷ್ಟರಲ್ಲಿ ಮರದ ಹಿಂದಿನಿಂದ ತಂಗಿ ಮೆಲ್ಲಗೆ ಕೇಳಿದಳು: "ಒಂಟಿ ಅಂದರೆ?"

"ಹತ್ತಿರದ ನೆಂಟರು ಯಾರೂ ಸಿಕ್ಕಿಲ್ಲದ ಭಾಷೆ."

"ಹಾಗಾದರೆ ನನ್ನ ಕ್ಯಾಸೆಟ್ಟು?"

"ಒಂಟಿ ಭಾಷೆಗಳಿಗೆ ಬೇರೆಯೇ ಯೋಜನೆ ಇದೆ," ಎಂದರು ಗಂಡ. "ಅದಕ್ಕೆ ಕಾಯುವ ಸಾಲು ಇಲ್ಲ. ಸಾಲಿನಲ್ಲಿ ನಿಲ್ಲಲು ಬೇರೆ ಯಾರೂ ಇಲ್ಲವಲ್ಲ. ಇವತ್ತೇ ಕೊಟ್ಟರೂ ಆಗುತ್ತದೆ."

ತಂಗಿ ಬಂದು ನನ್ನ ಕೈಯಿಂದ ಪ್ಲಕಾರ್ಡನ್ನು ಕಿತ್ತುಕೊಂಡು ತಲೆಕೆಳಗಾಗಿ ಮರಕ್ಕೆ ಒರಗಿಸಿದಳು. "ಭೈಯಾ, ದಯವಿಟ್ಟು ಇನ್ನು ಕೂಗಬೇಡಿ. ಕೇಳಿಸಿಕೊಂಡು ಸೇರಿಸಿಬಿಟ್ಟಾರು."

"ಸಂಬಂಧ ತಪ್ಪಿತು, ಛಲೋ ಆತು," ಎಂದರು ಕಾಕಾ. ಅವರು ಆಗಲೇ ಆ ವಿದ್ವಾಂಸರ ಜೊತೆ ಕಾಫಿಗೆ ಹೊರಟಿದ್ದರು. ಅರ್ಧ ಗಂಟೆಯ ಭಾಷಣ ಹೊಟ್ಟೆಯಲ್ಲಿಟ್ಟುಕೊಂಡು ನಾನೂ ಹಿಂದೆ ಹೋದೆ. ಗೆದ್ದ ಹೋರಾಟಕ್ಕೆ ಇಷ್ಟು ಹೊಟ್ಟೆಯುರಿ ಇರುತ್ತದೆಂದು ಗೊತ್ತಿರಲಿಲ್ಲ.

ಮೂರು ವಾರದ ಮೇಲೆ ಕರೆ ಬಂತು. ಟೇಪು ಶುಚಿಯಾಗಿದೆ, ಆದರೆ ಬಹಳ ಬಡವಾಗಿದೆ. ಒಂದು ಸಲ ಓಡುತ್ತದೆ, ಎರಡನೆಯ ಸಲದ ಮಾತು ಕೊಡಲಾರೆವು. ಓಡುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇವೆ, ಎಲ್ಲರೂ ಬನ್ನಿ.

ನೆಲಮಾಳಿಗೆಯಲ್ಲಿ ಐವರು ಯಂತ್ರದ ಸುತ್ತ ಕೂತೆವು. ಚಕ್ರ ತಿರುಗಿತು. ಮೊದಲು ಬರಿಯ ಸರಸರ ಸದ್ದು, ದೂರದಲ್ಲಿ ಮಳೆ ಬಂದ ಹಾಗೆ. ಆಮೇಲೆ ಒಂದು ಕೋಳಿ ಕೂಗಿತು. ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಎಷ್ಟೋ ವರ್ಷದ ಹಿಂದಿನ ಆ ಬೆಂಕಿ ನಮ್ಮ ನಡುವೆಯೇ ಉರಿಯುತ್ತಿದೆ ಅನಿಸಿ ನಾನು ಕೈ ಚಾಚುವುದರಲ್ಲಿದ್ದೆ. ಆಗ ಒಬ್ಬ ಗಂಡಸಿನ ದನಿ, ಅವಳ ಅಣ್ಣನದು, ಪಟ್ಟಿ ಓದುವವರ ಹಾಗೆ ಹಿಂದಿಯಲ್ಲಿ ಕೇಳಿತು: "ಮೂಗು. ಅಜ್ಜಿ, ಇದಕ್ಕೆ ನಮ್ಮಲ್ಲಿ ಏನಂತಾರೆ?"

ಅಜ್ಜಿ ಶುರು ಮಾಡಿದರು.

ಎಂಥ ದನಿ! ಏರಿತು, ಇಳಿಯಿತು, ನಿಂತಿತು, ಮತ್ತೆ ಏರಿತು. ನಿಮಿಷಗಳು ಕಳೆದರೂ ಮುಗಿಯಲಿಲ್ಲ. ಗಂಡ ಬರೆದರು, ಹೆಂಡತಿ ಬರೆದರು, ಇಬ್ಬರ ಪೆನ್ನೂ ಹಾಳೆಯ ಮೇಲೆ ಓಡಿತು. "ಇದು ಬರಿಯ ಪದವಲ್ಲ," ಎಂದು ಗಂಡ ಪಿಸುಗುಟ್ಟಿದರು. "ಮೂಗು ಹೇಗೆ ಹುಟ್ಟಿತು ಎಂಬ ಕಥೆ." "ಸೃಷ್ಟಿಕಥೆ," ಎಂದು ಹೆಂಡತಿ ಒಪ್ಪಿದರು; ಅದು ಅವರ ಎರಡನೆಯ ಒಮ್ಮತ. ಕಾಕಾ ಪುರಾಣ ಕೇಳುವವರ ಹಾಗೆ ಕೈಮುಗಿದು ಕಣ್ಣು ಮುಚ್ಚಿದ್ದರು. ನನ್ನ ಕಣ್ಣಲ್ಲಿ ನೀರು. ಯಾವ ಗುಂಪಾದರೇನು, ಯಾವ ಗೆರೆಯಾದರೇನು, ಬೆಟ್ಟವೇ ಬಾಯಿ ಬಿಟ್ಟು ಮಾತಾಡಿದ ಹಾಗಿತ್ತು. ಕೊನೆಯಲ್ಲಿ ಅಣ್ಣನ ದನಿ ಉದ್ದಕ್ಕೆ, ಎತ್ತರಕ್ಕೆ ಕೂಗಿತು. "ಕಥೆ ಮುಗಿದಾಗ ಕೇಳಿದವರು ಹಾಕುವ ಮಂಗಳದ ಕೂಗು," ಎಂದು ಗಂಡ ಅದನ್ನೂ ಬರೆದುಕೊಂಡರು. ಟೇಪು ನಿಂತಿತು. ತುಂಡಾಗಿರಲಿಲ್ಲ.

ತಂಗಿ ಸೆರಗಿನಂತೆ ಹೊದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ನಾನು ಬೆನ್ನ ಮೇಲೆ ಕೈಯಿಟ್ಟೆ. "ಅಳು ತಂಗಿ, ಅತ್ತುಬಿಡು. ಮುಖ ಬಂತಾ?"

ಅವಳು ಶಾಲು ಸರಿಸಿದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಬಂತು ಭೈಯಾ. ಪೂರ್ತಿ ಬಂತು. ಸಿಟ್ಟು ಬಂದಾಗಿನ ಮುಖ."

"ಅಜ್ಜಿ ಏನು ಹೇಳಿದರು? ನಿಧಾನವಾಗಿ ಹೇಳಿ," ಎಂದು ಇಬ್ಬರು ವಿದ್ವಾಂಸರೂ ಹೊಸ ಹಾಳೆ ತಿರುವಿದರು.

ತಂಗಿ ಕಣ್ಣೊರೆಸಿಕೊಂಡು ಆ ಉದ್ದ ಮಾತಿನ ಸಾರವನ್ನಷ್ಟೇ ಅಜ್ಜಿಯ ದನಿಯಲ್ಲೇ ಹೇಳಿದಳು: "'ನೀನು ಹುಟ್ಟಿದಾಗಿನಿಂದ ಈ ಮೂಗನ್ನು ಒರೆಸಿದವಳು ನಾನು. ಈಗ ಪೇಟೆಯಿಂದ ಪೆಟ್ಟಿಗೆ ಹಿಡಿದುಕೊಂಡು ಬಂದು ಇದಕ್ಕೆ ಏನಂತಾರೆ ಅಂತ ನನ್ನನ್ನೇ ಕೇಳುತ್ತೀಯಾ? ಬಾ ಇಲ್ಲಿ, ಹಿಂಡಿ ತೋರಿಸುತ್ತೇನೆ.'"